ಇಪ್ಪತ್ತು ಕೇಜಿಯಷ್ಟು ಬಿಗಿ

ನಮ್ಮ ಚಿಕ್ಕಪ್ಪನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಅವರ ಬೈಕಿನ ಹಿಂದಿನ ಚಕ್ರದ ನಟ್ಟು ನೆನಪಿರುತ್ತದೆ! ನಂಬುವುದಿಲ್ಲವೇ? ಮಧುಗಿರಿಯ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಎದುರಾಗಿ ನಮಸ್ಕಾರ ಎಂದರೆ ಕಕ್ಕಾಬಿಕ್ಕಿಯಾಗಿ ನೋಡುತ್ತಾರೆ. ಆಮೇಲೆ ಕಣ್ಣು ಅವರ ಬೈಕಿನ ಮೇಲೆ ಬೀಳುತ್ತದೆ. "ಓ, ನೀವಾ! ತುಕ್ಕು ಹಿಡಿದ ನಟ್ಟು!" ಎಂದು ಬಾಯಿತುಂಬ ನಗುತ್ತಾರೆ.

ನನ್ನನ್ನು ನೋಡಲು ಪಾವಗಡದಿಂದ ಗಂಡಿನ ಕಡೆಯವರು ಬಂದ ದಿನವೂ ಹೀಗೇ ಆಯಿತು. ಒಳಗೆ ಉಪ್ಪಿಟ್ಟು, ಕೇಸರಿಭಾತು ನಡೆಯುತ್ತಿದ್ದರೆ ಚಿಕ್ಕಪ್ಪ ಅಂಗಳದಲ್ಲಿ ಗಂಡಿನ ಬೈಕಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಸ್ಪ್ಯಾನರ್ ಹಿಡಿದಿದ್ದರು. ಗಂಡಿನ ತಂದೆ ಹೊರಗೆ ಬಂದು ಗಾಬರಿಯಿಂದ, "ಏಂ ಚೇಸ್ತುನ್ನಾರಂಡಿ?" ಎಂದು, ಏನು ಮಾಡುತ್ತಿದ್ದೀರಿ ಅಂತ ತೆಲುಗಿನಲ್ಲೇ ಕೇಳಿದರು. ಚಿಕ್ಕಪ್ಪ ತಲೆಯನ್ನೂ ಎತ್ತದೆ, "ಹುಡ್ಗ ಒಪ್ಗೆ ಕಣ್ರೀ! ಅತಿ ಬಿಗೀನೂ ಇಲ್ಲ, ಸಡ್ಲಾನೂ ಇಲ್ಲ" ಎಂದುಬಿಟ್ಟರು. ಆ ಹುಡುಗನೇ ಈಗ ನನ್ನ ಯಜಮಾನರು. ನಟ್ಟಿನ ಮಟ್ಟಿಗೆ ಚಿಕ್ಕಪ್ಪನ ತೀರ್ಪು ಸರಿಯಾಗಿತ್ತು, ಉಳಿದ ವಿಷಯ ಇಲ್ಲಿ ಬೇಡ.

ಈ ಹುಚ್ಚು ಹುಟ್ಟಿದ್ದು ಚಿಕ್ಕಮ್ಮನಿಂದ. ಒಮ್ಮೆ ಗಂಡಹೆಂಡಿರು ಬಡವನಹಳ್ಳಿಯ ಹತ್ತಿರ ಪಂಕ್ಚರ್ ಹಾಕಿಸಿಕೊಂಡು ಹೊರಟಿದ್ದರು. ಹಿಂದಿನ ಚಕ್ರವನ್ನು ತಾವೇ ಕೂರಿಸಿದ ಚಿಕ್ಕಪ್ಪನಿಗೆ ಅದರ ಆಕ್ಸಲ್ ನಟ್ಟನ್ನು ಪೂರ್ತಿ ಬಿಗಿಯುವುದು ಮರೆತುಹೋಗಿತ್ತು. ಒಂದು ಮೈಲಿ ಹೋಗುವಷ್ಟರಲ್ಲಿ ಚಕ್ರ ಓಲಾಡಿ, ಇಬ್ಬರೂ ಬೈಕಿನ ಸಮೇತ ಕಡಲೆಕಾಯಿ ಹೊಲಕ್ಕೆ ಇಳಿದರು. ಮೊಣಕೈ ತರಚಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಚಿಕ್ಕಮ್ಮ ಎದ್ದರು, ಸೀರೆ ಕೊಡವಿಕೊಂಡರು, ಬರುತ್ತಿದ್ದ ಬಸ್ಸಿಗೆ ಕೈಯೊಡ್ಡಿದರು. "ಇನ್ನು ನಿಮ್ ಗಾಡಿ ಹತ್ತಿದ್ರೆ ಕೇಳಿ" ಎಂದು ಹೇಳಿ ಹೊರಟೇಹೋದರು.

ಹೇಳಿದಂತೆ ನಡೆದುಕೊಂಡರು ಕೂಡ! ಕೊರಟಗೆರೆಯ ನಾಮಕರಣವಿರಲಿ, ಶಿರಾದ ಮದುವೆಯಿರಲಿ, ಚಿಕ್ಕಮ್ಮ ಬಸ್ಸಿನಲ್ಲಿ, ಚಿಕ್ಕಪ್ಪ ಆ ಬಸ್ಸಿನ ಹಿಂದೆ ಹೊಗೆ ಕುಡಿಯುತ್ತ ಬೈಕಿನಲ್ಲಿ. ಬಸ್ಸು ನಿಂತಲ್ಲೆಲ್ಲ ಇವರೂ ನಿಲ್ಲುತ್ತಿದ್ದರು. ಕಂಡಕ್ಟರಿಗೇ ಕನಿಕರ ಬಂದು, "ಯಜಮಾನ್ರೇ, ಒಳೀಕ್ ಬನ್ನಿ, ಸೀಟ್ ಖಾಲಿ ಐತೆ" ಎಂದು ಕರೆದನಂತೆ. ಚಿಕ್ಕಪ್ಪನಿಗೆ ಬೇಕಿದ್ದದ್ದು ಬಸ್ಸಿನ ಸೀಟಲ್ಲ. ತಮ್ಮ ಬೈಕಿನ ಹಿಂದಿನ ಖಾಲಿ ಸೀಟು ತುಂಬಬೇಕಿತ್ತು, ಅಷ್ಟೇ.

ಆಗಲೇ ನಾನು ಬಾಯಿ ಹಾಕಿ ಕೆಟ್ಟೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಚಿಕ್ಕಪ್ಪ ಬೈಕಿನ ಜೊತೆ ಬಂದ ಪುಸ್ತಕ ತಂದು, "ನಟ್ಟು ಎಷ್ಟು ಬಿಗಿ ಇರ್ಬೇಕು ಅಂತ ಬರ್ದವ್ರೆ, ಓದಿ ಹೇಳ್ಬುಡು ಮಗ" ಎಂದರು. ಲೆಕ್ಕ ಹಾಕಿ ಹೇಳಿದೆ: "ಒಂದಡಿ ಸ್ಪ್ಯಾನರನ್ನ ಅಡ್ಡಡ್ಡ ಹಿಡಿದು, ತುದಿಗೆ ಇಪ್ಪತ್ತು ಕೇಜಿ ತೂಗುಹಾಕಿದ್ರೆ ಎಷ್ಟು ಬಿಗಿ ಆಗುತ್ತೋ ಅಷ್ಟು ಚಿಕ್ಕಪ್ಪ." ಪಾಠದಲ್ಲಿ ಕೊಡುವಂತೆ ಒಂದು ಉದಾಹರಣೆ ಕೊಟ್ಟೆ. ಅವರು ನಿಜವಾಗಿಯೂ ತೂಗುಹಾಕುತ್ತಾರೆ ಎಂದು ನನಗೇನು ಗೊತ್ತು?

ಹುಲಿಕುಂಟೆಯಿಂದ ಚಿಕ್ಕಮ್ಮನ ತವರಿನವರು ಒಂದು ಟಗರು ಮರಿ ಕೊಟ್ಟಿದ್ದರು. ನ್ಯಾಯಬೆಲೆ ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ ಸರಿಯಾಗಿ ಇಪ್ಪತ್ತು ಕೇಜಿ! ಚಿಕ್ಕಪ್ಪನಿಗೆ ದೇವರೇ ಕಳಿಸಿದಂತಾಯಿತು. ಪ್ರತಿ ಭಾನುವಾರ ಹಳೇ ಪಂಚೆಯಲ್ಲಿ ಮರಿಯನ್ನು ಜೋಳಿಗೆ ಕಟ್ಟಿ ಸ್ಪ್ಯಾನರಿನ ತುದಿಗೆ ನೇತುಹಾಕುವುದು. ಮರಿ ಬ್ಯಾ ಎನ್ನುವುದು. ಸ್ಪ್ಯಾನರ್ ಇನ್ನು ಕೆಳಗಿಳಿಯದೆ ನಿಂತರೆ ನಟ್ಟು ಸರಿಯಾಗಿದೆ ಎಂದರ್ಥ. ಬೀದಿಯವರೆಲ್ಲ ಭಾನುವಾರ ಬೇರೆ ಕೆಲಸ ಇಟ್ಟುಕೊಳ್ಳುತ್ತಿರಲಿಲ್ಲ.

ನಾಲ್ಕನೇ ತಿಂಗಳು ಫಟ್ಟೆಂದು ನಟ್ಟಿನ ಥ್ರೆಡ್ ಕಿತ್ತುಬಂತು. ಚಿಕ್ಕಪ್ಪ ದಿಗ್ಭ್ರಮೆಯಿಂದ ಕೂತರು. ಚಿಕ್ಕಮ್ಮ ಬಾಗಿಲಲ್ಲಿ ನಿಂತು, "ದಿನಾ ಎರಡೊತ್ತು ಹುರುಳಿ ತಿಂತದೆ. ಮರಿ ಬೆಳೀತೈತೆ ಅನ್ನೋದು ಕಾಣ್ಲಿಲ್ವಾ?" ಎಂದರು.

"ನಾನು ನಟ್ ನೋಡ್ತಿದ್ದೆ ಕಣೆ!"

ಮರಿ ಹೋಗಿ ರಾಗಿ ಮೂಟೆ ಬಂತು. ರಾಗಿ ಹುರುಳಿ ತಿನ್ನುವುದಿಲ್ಲವಲ್ಲ! ಇಪ್ಪತ್ತು ಕೇಜಿ ತೂಗಿ, ಬಾಯಿ ಕಟ್ಟಿ, ಅಡುಗೆಮನೆಯ ಮೂಲೆಯಲ್ಲಿಟ್ಟರು. ಎರಡು ತಿಂಗಳಿಗೆ ಬೈಕಿನ ಹಿಂಭಾಗದಿಂದ ಗಡಗಡ ಸದ್ದು ಶುರುವಾಯಿತು. ಸಡಿಲ! ಮೂಟೆಯನ್ನು ಮತ್ತೆ ತೂಗಿದರೆ ಒಂಬತ್ತೇ ಕೇಜಿ.

"ರಾಗಿ ತಗದವ್ರು ಯಾರು?" ಎಂದು ಚಿಕ್ಕಪ್ಪ ಗುಡುಗಿದರು.

"ಬೀಸಿಸ್ದೋಳು ನಾನು. ಮುದ್ದೆ ಉಂಡೋರು ಯಾರು?"

ಮಾರನೇ ದಿನ ಚಿಕ್ಕಪ್ಪ ಬೆಟ್ಟದ ಬುಡಕ್ಕೆ ಹೋಗಿ ಒಂದು ಗುಂಡುಕಲ್ಲು ಹೊತ್ತು ತಂದರು. ಉಳಿಯಿಂದ ಅಲ್ಲಿಷ್ಟು ಇಲ್ಲಿಷ್ಟು ಕೆತ್ತಿ ಇಪ್ಪತ್ತು ಕೇಜಿಗೆ ಇಳಿಸಿದರು. "ನೋಡ್ ಮಗ, ಇದು ತಿನ್ನೋದೂ ಇಲ್ಲ, ಇದನ್ನ ಯಾರೂ ತಿನ್ನೋದೂ ಇಲ್ಲ" ಎಂದು ನನಗೆ ತೋರಿಸಿದರು. ಆಮೇಲೆ ವರ್ಷವಿಡೀ ದಿನಾ ಬೆಳಿಗ್ಗೆ ಅದೇ ಅಭ್ಯಾಸ. ಮೊದಲು ಕಣ್ಣುಮುಚ್ಚಿ ಕೈಯಲ್ಲೇ ಬಿಗಿಯುವುದು, ಆಮೇಲೆ ಕಲ್ಲು ನೇತುಹಾಕಿ ಕೈಯನ್ನು ಪರೀಕ್ಷಿಸುವುದು. ಸಂಗೀತಗಾರರು ಶ್ರುತಿ ಹಿಡಿದಷ್ಟೇ ಶ್ರದ್ಧೆ!

ಚಿಕ್ಕಮ್ಮ ಮಾತ್ರ ಜಗ್ಗಲಿಲ್ಲ. "ನಟ್ಟೂ ನಿಮ್ದೇ, ಕಲ್ಲೂ ನಿಮ್ದೇ, ಸರಿ ಅನ್ನೋರೂ ನೀವೇ. ಹೊರ್ಗಿನೋರ್ ಯಾರಾದ್ರೂ ಸರಿ ಅನ್ಲಿ, ಆವತ್ತು ಕೂತ್ಕತೀನಿ" ಎಂದರು.

ಆ ದಿನ ಕಳೆದ ಮಾಘದಲ್ಲಿ ಬಂತು. ಶಿರಾದಲ್ಲಿ ನೆಂಟರ ಗೃಹಪ್ರವೇಶ. ಊಟ ಮುಗಿಸಿ ಹೊರಗೆ ಬಂದರೆ ಚಿಕ್ಕಪ್ಪನ ಬೈಕಿನ ಹಿಂದಿನ ಟೈರಿಗೆ ಮೊಳೆ. ಪಕ್ಕದ ಗ್ಯಾರೇಜಿನ ಮುದಿ ಮೇಸ್ತ್ರಿ ಪಂಕ್ಚರ್ ಹಾಕಿ, ಚಕ್ರ ಕೂರಿಸಿ, ನಟ್ಟು ಬಿಗಿಯಲು ಒಂದು ಉದ್ದನೆಯ ಸ್ಪ್ಯಾನರ್ ತೆಗೆದ. ಟಾರ್ಕ್ ರೆಂಚಂತೆ. ಬೇಕಾದಷ್ಟು ಬಿಗಿಯಾದ ಕೂಡಲೇ ಕಟಕ್ ಎಂದು ತಾನೇ ಹೇಳುತ್ತದಂತೆ. ಚಿಕ್ಕಪ್ಪ ಅಡ್ಡ ಬಂದರು. "ಅದೆಲ್ಲ ಬ್ಯಾಡ, ನಾನ್ ಬಿಗೀತೀನಿ. ಆಮೇಕೆ ನಿಮ್ಮದ್ರಲ್ಲಿ ನೋಡಿ."

ಗೃಹಪ್ರವೇಶದ ನೆಂಟರೆಲ್ಲ ಎಲೆಅಡಿಕೆ ಮೆಲ್ಲುತ್ತ ಸುತ್ತ ನಿಂತರು. ಬಸ್ಸಿಗೆ ಹೊರಟಿದ್ದ ಚಿಕ್ಕಮ್ಮನೂ ನಿಂತರು. ಕಲ್ಲು ಮಧುಗಿರಿಯ ಜಗಲಿ ಮೇಲಿತ್ತು! ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ, ಕಣ್ಣು ಮುಚ್ಚಿ, ಒಂದೇ ಸಲ ನಿಧಾನವಾಗಿ ಎಳೆದು ಕೈ ಬಿಟ್ಟರು. ಮೇಸ್ತ್ರಿ ನಟ್ಟಿನ ಮೇಲಿಂದ ಪಕ್ಕದ ಕಬ್ಬಿಣದವರೆಗೆ ಸೀಮೆಸುಣ್ಣದಲ್ಲಿ ಒಂದು ನೇರ ಗೆರೆ ಎಳೆದ. ಆಮೇಲೆ ನಟ್ಟನ್ನು ಸಡಿಲಿಸಿ ತನ್ನ ರೆಂಚಿನಿಂದ ಮತ್ತೆ ಬಿಗಿದ. ಕಟಕ್! ಬಗ್ಗಿ ನೋಡಿದೆವು. ಎರಡು ತುಂಡಾಗಿದ್ದ ಗೆರೆ ಮತ್ತೆ ಒಂದೇ ಗೆರೆಯಾಗಿತ್ತು.

"ಯಾ ಅಲ್ಲಾ! ಬರಾಬರ್!" ಎಂದು ಮೇಸ್ತ್ರಿ ಚಿಕ್ಕಪ್ಪನ ಕೈ ಹಿಡಿದು ತಿರುಗಿಸಿ ನೋಡಿದ. "ನಲವತ್ತು ವರ್ಷದಾಗೆ ಇಂಥಾ ಕೈ ನೋಡಿಲ್ಲ ಯಜಮಾನ್ರೇ!" ನೆಂಟರು ಚಪ್ಪಾಳೆ ತಟ್ಟಿದರು. ನಾನಂತೂ ಶಿಳ್ಳೆಯನ್ನೇ ಹೊಡೆದೆ, ಮೇಷ್ಟ್ರಮ್ಮ ಎಂಬುದನ್ನೂ ಮರೆತು! ಚಿಕ್ಕಪ್ಪ ಯಾರ ಕಡೆಗೂ ನೋಡಲಿಲ್ಲ, ಚಿಕ್ಕಮ್ಮನ ಕಡೆ ಮಾತ್ರ ನೋಡಿದರು. ಚಿಕ್ಕಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಹೂಂ, ನಡೀರಿ ಮತ್ತೆ" ಎಂದು ಹತ್ತಿ ಕೂತೇಬಿಟ್ಟರು.

ನಾನು ಸ್ಕೂಟರಿನಲ್ಲಿ ಹಿಂದೆ ಹೊರಟೆ. ಚಿಕ್ಕಪ್ಪನ ಬೆನ್ನು ಗೆದ್ದ ಪೈಲ್ವಾನನ ಬೆನ್ನಿನಂತೆ ನೆಟ್ಟಗಿತ್ತು. ಮಧುಗಿರಿ ಬೆಟ್ಟ ಕಾಣುವ ಹೊತ್ತಿಗೆ ಚಿಕ್ಕಮ್ಮನ ತಲೆ ವಾಲಿತು. ಬೀಳುತ್ತಾರೇನೋ ಎಂದು ಪಕ್ಕಕ್ಕೆ ಹೋಗಿ ನೋಡಿದರೆ, ಎರಡೂ ಕೈಯಿಂದ ಗಂಡನ ಸೊಂಟ ಬಳಸಿ, ಬೆನ್ನಿಗೆ ಕೆನ್ನೆಯಿಟ್ಟು ನಿದ್ದೆ ಹೋಗಿದ್ದಾರೆ! ಚಿಕ್ಕಪ್ಪ ಆ ಕೈಗಳನ್ನು ತಮ್ಮ ಎಡಗೈಯಿಂದ ಒತ್ತಿ ಹಿಡಿದು, ನಡೆಯುವವರಿಗಿಂತ ನಿಧಾನವಾಗಿ ಓಡಿಸುತ್ತಿದ್ದರು.

ಮನೆ ಮುಂದೆ ಬಂದು ನಿಂತರು. ಇಳಿಯಲಿಲ್ಲ. ಸದ್ದು ನಿಂತರೆ ಎಚ್ಚರವಾದೀತೆಂದು ಇಂಜಿನ್ನೂ ಆರಿಸಲಿಲ್ಲ. ಎರಡೂ ಕಾಲನ್ನು ನೆಲಕ್ಕೂರಿ ಹಾಗೇ ಕೂತರು. ಹತ್ತು ನಿಮಿಷಕ್ಕೆ ಬೈಕು ಅತ್ತಿತ್ತ ವಾಲತೊಡಗಿತು. ನಾನು ಮಾತಾಡಲು ಹೋದರೆ ಕಣ್ಣಲ್ಲೇ ಗದರಿದರು. ಸದ್ದಿಲ್ಲದೆ ಹೋಗಿ, ಬೈಕು ವಾಲದಂತೆ ಹಿಂದಿನಿಂದ ಹಿಡಿದು ನಿಂತೆ.

ಚಿಕ್ಕಮ್ಮ ನಿದ್ದೆಗಣ್ಣಲ್ಲೇ ಮುಲುಗಿದರು. "ಮನೆ ಬಂತೇನ್ರೀ?"

ಎದುರಿಗೇ ಇದ್ದ ತಮ್ಮ ಮನೆಯ ಬಾಗಿಲನ್ನು ನೋಡುತ್ತ ಚಿಕ್ಕಪ್ಪ ಹೇಳಿದರು, "ಇಲ್ಲ ಕಣೆ, ಇನ್ನೂ ಬೋ ದೂರ ಐತೆ. ಮನೀಕೊ."