ಏಳನೆಯ ನೆಲಮಾಳಿಗೆಯಲ್ಲಿ ನನ್ನ ಹೆಸರು

ಯರಗುಪ್ಪಿ, ಕುಂದಗೋಳ ತಾಲೂಕು
೧೪ ಜುಲೈ ೧೯೮೬

‘ಏಳನೆಯ ನೆಲಮಾಳಿಗೆ’ ಎಂಬ ಕಂಪ್ಯೂಟರ್ ಆಟವನ್ನು ರಚಿಸಿದ ಶ್ರೀಯುತ ಎಡ್ವಿನ್ ಹಾಲ್ಟ್ ಅವರಿಗೆ, ಇಂಗ್ಲೆಂಡು.

ಮಾನ್ಯರೇ,

ಸಮುದ್ರದಾಚೆಯ ತಮಗೆ ಕಪ್ಪು ಮಣ್ಣಿನ ಸೀಮೆಯಿಂದ ಬಾಗಿದ ತಲೆಯ ನಮಸ್ಕಾರಗಳು. ಇಲ್ಲಿ ನಾನು, ನನ್ನ ಹೆಂಡತಿ, ಎರಡು ಎತ್ತು, ಮತ್ತು ವೋಲ್ಟೇಜು ಸರಿಯಿರುವ ದಿನಗಳಲ್ಲಿ ಕಂಪ್ಯೂಟರು, ಎಲ್ಲರೂ ಕ್ಷೇಮ. ತಾವೂ, ತಮ್ಮ ಆಟದ ಮೂರನೆಯ ನೆಲಮಾಳಿಗೆಯಲ್ಲಿ ಯಾವ ಕೆಲಸವೂ ಇಲ್ಲದೆ ಕುಳಿತಿರುವ ಗಿಳಿಯೂ ಸೌಖ್ಯವೆಂದು ನಂಬಿದ್ದೇನೆ.

ತಮಗೆ ಕನ್ನಡ ಬರುವುದಿಲ್ಲವೆಂಬ ಧೈರ್ಯದ ಮೇಲೆಯೇ ಈ ಪತ್ರವನ್ನು ನಮ್ಮ ಜಿಲ್ಲೆಯ ವಾರಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದೇನೆ. ಇಂಗ್ಲಿಷಿನಲ್ಲಿ ತಮಗೆ ಈಗಾಗಲೇ ಎರಡು ಪತ್ರ ಬರೆದಿದ್ದೇನೆ. ನಾನು ಹೈಸ್ಕೂಲಿನ ಇಂಗ್ಲಿಷ್ ಮಾಸ್ತರನಾದ್ದರಿಂದ ಅವುಗಳ ವ್ಯಾಕರಣದಲ್ಲಿ ತಪ್ಪು ಸಿಗದು. ಆದರೆ ಒಂದೊಂದರಲ್ಲಿ ಒಂದೊಂದು ಸುಳ್ಳು ಇದೆ. ಮೊದಲನೆಯ ಸುಳ್ಳಿಗೆ ನಾನೇ ಹೊಣೆ. ಎರಡನೆಯದಕ್ಕೆ ತಮ್ಮ ಸೌಜನ್ಯವೇ ಕಾರಣವಾದ್ದರಿಂದ ದೂರು ಅದರ ಮೇಲೆ. ತಮ್ಮ ಆಟದ ಹೊಸ ಆವೃತ್ತಿಯ ಗುಪ್ತ ಕೋಣೆಯಲ್ಲಿ ಇಷ್ಟರಲ್ಲೇ ನನ್ನ ಹೆಸರು ಕೂರಲಿದೆ. ಕೂರಬೇಕಾದದ್ದು ಬೇರೊಬ್ಬರ ಹೆಸರು.

ಕ್ರಮವಾಗಿ ನಿವೇದಿಸುತ್ತೇನೆ. ಹುಬ್ಬಳ್ಳಿಯಲ್ಲಿ ಟೀವಿ ಮಾರುವ ನನ್ನ ಹೆಂಡತಿಯ ತಮ್ಮ ಕುಬೇರಪ್ಪ, ದುಬೈಯಿಂದ ಬಂದ ಗಿರಾಕಿಯೊಬ್ಬ ಬಿಟ್ಟುಹೋದ ರಬ್ಬರ್ ಗುಂಡಿಗಳ ಸಣ್ಣ ಕಂಪ್ಯೂಟರನ್ನು, ಅಂಗಡಿಯಲ್ಲಿ ಜಾಗ ಸಾಲದೆಂದು, ನನ್ನ ಜ್ಞಾನದ ಮೇಲಿನ ಗೌರವದಿಂದಲ್ಲ, ನಮ್ಮ ಮನೆಗೆ ತಂದಿಟ್ಟ. ಅದನ್ನು ಟೀವಿಗೂ ಟೇಪ್‌ರೆಕಾರ್ಡರಿಗೂ ಜೋಡಿಸಿ, ಅದರ ಜೊತೆಗೇ ಬಂದ ತಮ್ಮ ಆಟದ ಕ್ಯಾಸೆಟ್ಟು ಹಾಕಿದರೆ ಐದು ನಿಮಿಷ ಕಿರುಚಿ, ಆಮೇಲೆ ತೆರೆಯ ಮೇಲೆ ಒಂದು ವಾಕ್ಯ ಮೂಡುತ್ತದೆ. ಚಿತ್ರವಿಲ್ಲ, ಬಣ್ಣವಿಲ್ಲ. ನೀವು ಇಂಥಲ್ಲಿ ನಿಂತಿದ್ದೀರಿ ಎಂದು ಅದು ಹೇಳುತ್ತದೆ. ಮುಂದೆ ಏನು ಮಾಡಬೇಕೆಂದು ನಾವು ಒಂದೆರಡು ಶಬ್ದಗಳಲ್ಲಿ ಟೈಪು ಮಾಡಬೇಕು. ತಿಳಿದರೆ ಮಾಡುತ್ತದೆ, ತಿಳಿಯದಿದ್ದರೆ ‘ನನಗೆ ಆ ಶಬ್ದ ಗೊತ್ತಿಲ್ಲ’ ಎನ್ನುತ್ತದೆ. ಇಪ್ಪತ್ತೆರಡು ವರ್ಷ ಮಾಸ್ತರಿಕೆ ಮಾಡಿದರೂ ಆ ಮಾತನ್ನು ಅಷ್ಟು ನಿಸ್ಸಂಕೋಚವಾಗಿ ಆಡಲು ನನಗೆ ಬಂದಿಲ್ಲ.

ತಮ್ಮ ನಾಲ್ಕನೆಯ ನೆಲಮಾಳಿಗೆಯಲ್ಲಿ ಒಂದು ಸೇತುವೆಯಿದೆ, ಕೆಳಗೆ ನದಿಯಿಲ್ಲ. ನಾನು ಅದರ ಮೇಲೆ ಮೂರು ರವಿವಾರ ನಿಂತೆ. ಬಳಿಕ ಇದೇ ವಾರಪತ್ರಿಕೆಯಲ್ಲಿ ‘ನದಿಯಿಲ್ಲದ ಸೇತುವೆ’ ಎಂಬ ಲೇಖನ ಬರೆದು, ದಾಟುವ ಕಾರಣವನ್ನೇ ಕಳೆದುಕೊಂಡು ದಾಟುತ್ತಿರುವ ಇಂದಿನ ಮನುಷ್ಯನ ಏಕಾಂತಕ್ಕೆ ಇದಕ್ಕಿಂತ ಮಿಗಿಲಾದ ಪ್ರತಿಮೆಯಿಲ್ಲವೆಂದು ಎರಡು ಕಾಲಮ್ಮು ವಿವರಿಸಿದೆ. ಅದು ಅಚ್ಚಾದ ತಿಂಗಳೊಪ್ಪತ್ತಿಗೆ ಕುಬೇರಪ್ಪ ಕಳಿಸಿದ ತಮ್ಮ ದೇಶದ ಹಳೆಯ ಮಾಸಪತ್ರಿಕೆಯಲ್ಲಿ ತಮ್ಮ ಸಂದರ್ಶನ ಓದಿದೆ. ಮೊದಲು ನದಿ ಇತ್ತಂತೆ. ಯಂತ್ರದ ಸ್ಮರಣೆಯಲ್ಲಿ ಜಾಗ ಸಾಲದೆ ಕೊನೆಯ ವಾರ ತಾವು ನದಿಯನ್ನು ಅಳಿಸಿದಿರಂತೆ. ಸೇತುವೆಯನ್ನು ಅಳಿಸಲು ಮರೆತಿರಂತೆ. ಉಳಿದ ಮೂವತ್ತು ಅಕ್ಷರಗಳ ಜಾಗದಲ್ಲಿ ಏನು ಹಾಕಬೇಕೆಂದು ತೋಚದೆ ಗಿಳಿಯನ್ನು ಹಾಕಿದಿರಂತೆ. ಗಿಳಿಯ ಮೇಲೆ ಬರೆಯುತ್ತಿದ್ದ ಲೇಖನವನ್ನು ನಾನು ಅಂದೇ ನಿಲ್ಲಿಸಿದೆ.

ಅದೇ ಸಂದರ್ಶನದಲ್ಲಿ ತಾವು ಇನ್ನೊಂದು ಮಾತು ಹೇಳಿದ್ದಿರಿ. ಆಟ ಮಾರುವ ಕಂಪನಿಯವರು ಕ್ಯಾಸೆಟ್ಟಿನ ಡಬ್ಬಿಯ ಮೇಲೆ ತಮ್ಮ ಹೆಸರು ಹಾಕಲು ಒಪ್ಪದಿದ್ದುದರಿಂದ ತಾವು ಅದನ್ನು ಆಟದೊಳಗೇ ಒಂದು ಕೋಣೆಯಲ್ಲಿ ಬಚ್ಚಿಟ್ಟಿದ್ದೀರೆಂದೂ, ಮೂರು ವರ್ಷವಾದರೂ ಅದು ಯಾರಿಗೂ ಸಿಕ್ಕಿಲ್ಲವೆಂದೂ. ಅದನ್ನು ನಾನೇ ಹುಡುಕಬೇಕೆಂದು ನಿಶ್ಚಯಿಸಿದೆ. ಏಳನೆಯ ನೆಲಮಾಳಿಗೆಯಲ್ಲಿ ಕಲ್ಲು ಮುಚ್ಚಿದ ಕುಳಿಯೊಂದಿದೆ. ಕಲ್ಲು ಸರಿಸಿ ಕೆಳಗಿಳಿದೆ. ‘ನೀವು ಸತ್ತಿರಿ’ ಎಂದಿತು. ಮತ್ತೆ ಕ್ಯಾಸೆಟ್ಟು ಹಾಕಿ ಮೊದಲಿನಿಂದ ಆಡಿ, ಕಲ್ಲು ಸರಿಸಿ, ಈ ಸಲ ಬೇರೆ ಕ್ರಿಯಾಪದ ಬಳಸಿ ಇಳಿದೆ. ಸತ್ತೆ. ಕ್ರಿಯಾಪದ ಬದಲಿಸಿದರೆ ಬದುಕಬಹುದೆಂಬುದು ಭಾಷೆ ಕಲಿಸುವವರ ಮೂಢನಂಬಿಕೆ. ಅದರ ಬಲದಿಂದ ನಾನು ಒಟ್ಟು ಹದಿನೇಳು ಸಲ ಸತ್ತೆ.

ಶಿವರಾತ್ರಿ ಮುಗಿದ ಮೇಲಿನ ರವಿವಾರ ನಮ್ಮ ಹಿತ್ತಲಿನ ಹಗೇವು ತೆಗೆಯಲು ಮಲಕಪ್ಪ ಬಂದಿದ್ದ. ಹಗೇವೆಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಒಳಗಿನ ಗಾಳಿ ಕೆಟ್ಟಿರುವುದರಿಂದ ಬಾಯಿ ತೆಗೆದೊಡನೆ ಇಳಿದವನು ಮೇಲೆ ಬರುವುದಿಲ್ಲ. ಊರಿನ ಹಗೇವುಗಳಿಗೆಲ್ಲ ಇಳಿಯುವವನು ಮಲಕಪ್ಪನೇ. ಅಂದು ಬೆಳಗ್ಗೆ ಕಲ್ಲು ಸರಿಸಿ, ಸಂಜೆಯವರೆಗೆ ಗಾಳಿಯಾಡಲೆಂದು ಬಿಟ್ಟು, ಹಗೇವೂ ಟೀವಿಯೂ ಎರಡೂ ಕಾಣುವಂತೆ ಹಿತ್ತಲ ಬಾಗಿಲಲ್ಲಿ ಕುಳಿತಿದ್ದ. ನಾನು ಹದಿನೇಳನೆಯ ಸಲ ಸತ್ತದ್ದು ಅವನ ಕಣ್ಣೆದುರಿಗೇ.

“ಏನಾತ್ರಿ ಸರ?” ಎಂದು ಅವನು ಕೇಳಿದ್ದಕ್ಕೆ ಒಳಗಿನಿಂದ ನನ್ನ ಹೆಂಡತಿ ಅನ್ನವ್ವ ಉತ್ತರ ಕೊಟ್ಟಳು. “ಏನಿಲ್ಲ ಮಲಕಪ್ಪ, ಸತ್ರು. ಮುಂಜಾನಿಂದ ಅದ ನಡದೈತಿ. ಸಾಯ್ತಾರ, ಚಾ ಕುಡೀತಾರ, ಮತ್ತ ಸಾಯ್ತಾರ.”

ನಾನು ಮರ್ಯಾದೆ ಉಳಿಸಿಕೊಳ್ಳಲೆಂದು ಅವನಿಗೆ ಕುಳಿಯ ಸಂಗತಿಯನ್ನು ಕನ್ನಡದಲ್ಲಿ ವಿವರಿಸಿದೆ. ಕಲ್ಲು ಯಾವಾಗ ಸರಿಸಿದಿರಿ ಎಂದು ಕೇಳಿದ. ಈಗಷ್ಟೇ ಎಂದೆ.

“ಈಗ ತಗದು ಈಗ ಇಳದ್ರ್ಯಾ? ಸಾಯ್ದ ಏನ್ಮಾಡ್ತೀರ್ರಿ ಮತ್ತ! ಕಂದೀಲ ಐತೇನು?”

ಇದೆ ಎಂದೆ. ಹಗ್ಗವೂ ಇತ್ತು. “ಹಂಗಾರ ಮೊದ್ಲ ಕಂದೀಲ ಬಿಡ್ರಿ ಒಳಗ,” ಎಂದ. ಮತ್ತೊಮ್ಮೆ ಮೊದಲಿನಿಂದ ಆಡಿ, ಕುಳಿಯ ಬಾಯಿಗೆ ಬಂದು, ದೀಪ ಇಳಿಸೆಂದು ಟೈಪು ಮಾಡಿದೆ. ದೀಪ ಮಂಕಾಗಿ ಉರಿಯುತ್ತಿದೆ ಎಂದು ತೆರೆ ಹೇಳಿತು. ಹಾಗೆಯೇ ಓದಿ ತಿಳಿಸಿದೆ. “ಮಂಕ ಅಂದ್ರ ಗಾಳಿ ಕೆಟ್ಟೈತಿ. ಕುಂದರ್ರಿ ಸುಮ್ನ.” ದೀಪದ ಎಣ್ಣೆ ನೂರು ನಡೆಗಳಿಗೆ ಮಾತ್ರ ಸಾಕಾಗುತ್ತದೆ, ಕೂತರೆ ಮುಗಿದುಹೋಗುತ್ತದೆ, ಅದಕ್ಕೇ ಯಾವ ಆಟಗಾರನೂ ಎಲ್ಲಿಯೂ ನಿಲ್ಲುವುದಿಲ್ಲ ಎಂದು ನಾನು ವಾದಿಸಿದೆ. “ಎಣ್ಣಿ ಹೋದ್ರ ಮತ್ತ ತರಬಹುದ್ರಿ,” ಎಂದ. ಮುಂದಿನದನ್ನು ಹೇಳುವ ಅಗತ್ಯ ಅವನಿಗೆ ಕಾಣಲಿಲ್ಲ.

‘ಕಾಯು’ ಎಂದು ಟೈಪು ಮಾಡಿದೆ. ‘ಹೊತ್ತು ಸರಿಯಿತು’ ಎಂದಿತು ಯಂತ್ರ. ಮತ್ತೆ ‘ಕಾಯು’ ಎಂದೆ. ಹೊತ್ತು ಸರಿಯಿತು. ಪ್ರತಿ ಸಲವೂ ಮಲಕಪ್ಪನ ಮುಖ ನೋಡಿದೆ. ಪ್ರತಿ ಸಲವೂ ಅವನು “ಇನ್ನಾ” ಎಂದ. ನಡುವೆ ಎರಡು ಸಲ ಎದ್ದುಹೋಗಿ ನಮ್ಮ ಹಗೇವಿನ ಬಾಯಿಯನ್ನೂ ಬಗ್ಗಿ ನೋಡಿ ಬಂದ. ಇಬ್ಬರೂ ಕೂಡಿ ಏನು ನಡೆಸಿದ್ದೀರಿ ಎಂದು ಅನ್ನವ್ವ ಕೇಳಿದಳು. “ಕಾಯಾಕತ್ತೀವ್ರಿ ಅಕ್ಕಾರ,” ಎಂದು ಮಲಕಪ್ಪ ಹೇಳಿದ ರೀತಿಯಲ್ಲಿ ಅದು ಒಂದು ಕೆಲಸವೆಂಬುದು ನನಗೆ ಮೊದಲ ಸಲ ಹೊಳೆಯಿತು. ಪುಣ್ಯಕ್ಕೆ ಅಂದು ಕರೆಂಟು ಹೋಗಲಿಲ್ಲ. ನಲವತ್ತೊಂದನೆಯ ಸಲಕ್ಕೆ ತೆರೆಯ ಮೇಲಿನ ವಾಕ್ಯ ಬದಲಾಯಿತು: ದೀಪ ನೆಟ್ಟಗೆ ಉರಿಯುತ್ತಿದೆ, ಕುಳಿಯ ಗೋಡೆಯಲ್ಲಿ ಒಂದು ಬಾಗಿಲು ಕಾಣುತ್ತಿದೆ. ಬಾಗಿಲ ಹಿಂದೆ ಆ ಕೋಣೆ. ‘ಈ ಆಟವನ್ನು ಕಟ್ಟಿದವನು ಎಡ್ವಿನ್ ಹಾಲ್ಟ್. ಕಾದವರೇ, ನಿಮಗೆ ವಂದನೆ.’

ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಕುರ್ಚಿಯಿಂದ ಜಿಗಿದೆ. “ಏನ್ ಸಿಕ್ತ್ರಿ?” ಎಂದ ಮಲಕಪ್ಪ. ಹೆಸರು ಎಂದೆ. “ಬರೇ ಹೆಸರ?” ಎಂದು, ಟಾವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ತನ್ನ ಹಗೇವಿನ ಕಡೆಗೆ ಹೋದ.

ಮೊದಲ ಪತ್ರವನ್ನು ನಾನು ಮರುದಿನವೇ ಬರೆದೆ. ಅದರಲ್ಲಿ ತಾವು ಓದಿದ ‘ದೀರ್ಘವಾಗಿ ಆಲೋಚಿಸಿದ ಬಳಿಕ ನಾನು ಕಾಯಲು ನಿರ್ಧರಿಸಿದೆ’ ಎಂಬ ವಾಕ್ಯ ಕರಡು ಪ್ರತಿಯಲ್ಲಿ ಇರಲಿಲ್ಲ. ಕರಡಿನಲ್ಲಿ ಮಲಕಪ್ಪನಿದ್ದ. ಆದರೆ ಅವನನ್ನು ತರಬೇಕಾದರೆ ಹಗೇವನ್ನು ತರಬೇಕಾಗಿತ್ತು, ಹಗೇವಿಗೆ ಇಂಗ್ಲಿಷಿನಲ್ಲಿ ಮೂರು ಪ್ಯಾರಾ ಬೇಕಾಗಿತ್ತು, ಏರ್‌ಲೆಟರಿನಲ್ಲಿ ಜಾಗವೋ ಅಷ್ಟೇ. ತಾವು ನದಿಯನ್ನು ಬಿಟ್ಟ ಹಾಗೆ ನಾನು ಮಲಕಪ್ಪನನ್ನು ಬಿಟ್ಟೆ. ಓದಿ ನೋಡಿದಾಗ ವಾಕ್ಯ ಚೆನ್ನಾಗಿ ನಿಂತಿತ್ತು.

ಇಲ್ಲಿಗೆ ನಿಲ್ಲಬಹುದಿತ್ತು. ತಾವು ಉತ್ತರ ಬರೆದಿರಿ. ನಮ್ಮ ಕಡೆ ದೊಡ್ಡವರು ಪತ್ರಕ್ಕೆ ಉತ್ತರ ಬರೆಯುವುದಿಲ್ಲ, ಆ ಸಂಪ್ರದಾಯದ ಹಿಂದೆ ಎಂಥ ಕರುಣೆಯಿದೆ ಎಂಬುದು ನನಗೆ ಆಗ ತಿಳಿಯಿತು. ತಮ್ಮ ಅಜ್ಜ ಕಲ್ಲಿದ್ದಲಿನ ಗಣಿಯಲ್ಲಿ ಇಳಿಯುತ್ತಿದ್ದರೆಂದೂ, ಮೊದಲು ದೀಪದ ಉರಿಯನ್ನು ನೋಡು ಎಂದು ತಮಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದರೆಂದೂ, ಹಾಗೆ ನೋಡಬಲ್ಲ ಒಬ್ಬ ಮನುಷ್ಯ ಎಲ್ಲಾದರೂ ಇದ್ದಾನೆಯೇ ಎಂದು ತಿಳಿಯಲು ತಾವು ಆ ಬಾಗಿಲನ್ನು ಹಾಗೆ ಬಚ್ಚಿಟ್ಟಿರೆಂದೂ ಬರೆದಿರಿ. ಕೆಳಗೆ ಒಂದು ಪ್ರಶ್ನೆ: ‘ತಾವು ಯಾವ ಗಣಿಯಲ್ಲಿ ಕೆಲಸ ಮಾಡಿದವರು?’ ಸ್ವಾಮಿ, ನಾನು ಹನ್ನೆರಡನೆಯ ವಯಸ್ಸಿನಲ್ಲಿ ನಮ್ಮ ಹಗೇವಿನೊಳಗೆ ಒಮ್ಮೆ ಇಣುಕಿ ಮೂರು ದಿನ ಜ್ವರ ಬಂದು ಮಲಗಿದವನು. ಅಟ್ಟ ಹತ್ತಲೂ ಅನ್ನವ್ವನನ್ನು ಕರೆಯುತ್ತೇನೆ.

ಅದೂ ಸಾಲದೆಂದು ತಾವು ಇನ್ನೊಂದು ಪ್ಯಾರಾ ಬರೆದಿರಿ. ಈಗ ಕಂಪನಿಯವರು ಡಬ್ಬಿಯ ಮೇಲೆಯೇ ತಮ್ಮ ಹೆಸರು ಹಾಕಲು ಒಪ್ಪಿರುವುದರಿಂದ ಆ ಕೋಣೆ ತಮಗೆ ಬೇಕಾಗಿಲ್ಲವೆಂದೂ, ಹೊಸ ಆವೃತ್ತಿಯಲ್ಲಿ ಅಲ್ಲಿ ಕಾದವನ ಹೆಸರನ್ನು ಹಾಕುವಿರೆಂದೂ, ಆ ಹೆಸರನ್ನು ಸ್ಪಷ್ಟವಾಗಿ ಬರೆದು ಕಳಿಸಬೇಕೆಂದೂ. ನಿಮ್ಮ ಹೆಸರು ಎಂದು ಕೇಳಿದ್ದರೆ ನಾನು ಏನೂ ಯೋಚಿಸದೆ ಬರೆದುಬಿಡುತ್ತಿದ್ದೆ. ಕಾದವನ ಹೆಸರು ಎಂದು ಕೇಳಿ ತಾವು ನನ್ನನ್ನು ಯೋಚನೆಗೆ ಹಚ್ಚಿದಿರಿ. ಪ್ರಾಮಾಣಿಕನೆಂದು ನಂಬಿ ಒಬ್ಬನಿಗೆ ಹೀಗೆ ಪ್ರಶ್ನೆ ಕೇಳುವುದು ಯಾವ ದೇಶದ ನ್ಯಾಯ? ಉತ್ತರಕ್ಕೆಂದು ತಂದ ಏರ್‌ಲೆಟರನ್ನು ನಾಲ್ಕು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಮಲಕಪ್ಪನಿಗೆ ಓದು ಬಾರದು, ಅವನು ಕೇಳಿಯೂ ಇಲ್ಲ, ಕೇಳಿದ್ದರೂ ಬರೇ ಹೆಸರೇ ಎನ್ನುತ್ತಿದ್ದ. ನನ್ನ ಹೆಸರಾದರೋ ಇದುವರೆಗೆ ಶಾಲೆಯ ಹಾಜರಿ ಪುಸ್ತಕದಲ್ಲಿ ಮತ್ತು ಸೇತುವೆಯ ಬಗೆಗಿನ ಆ ಲೇಖನದ ಕೆಳಗೆ, ಎರಡೇ ಕಡೆ ಇದೆ. ಇಂಥ ತರ್ಕಗಳು ಒಬ್ಬ ಓದಿಕೊಂಡವನಿಗೆ ಎಷ್ಟು ಬೇಕಾದರೂ ಸಿಗುತ್ತವೆ. ಐದನೆಯ ದಿನ ಕುಂದಗೋಳದ ಪೋಸ್ಟಿನ ಕಟ್ಟೆಯ ಮೇಲೆ ಕುಳಿತು ನನ್ನ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಅಂಚೆ ಡಬ್ಬಿಗೆ ಹಾಕಿದೆ. ಹಾಕಿದ ಮೇಲೆ ಕೈಯನ್ನು ಡಬ್ಬಿಯ ಬಾಯಿಯೊಳಗೆ ಎಷ್ಟು ದೂರ ತೂರಿಸಬಹುದೆಂದು ನೋಡಿದ್ದೂ ನಿಜ. ಮಣಿಕಟ್ಟಿನವರೆಗೆ.

ಆದ್ದರಿಂದ ತಮ್ಮಲ್ಲಿ ವಿನಂತಿ. ನನ್ನ ಎರಡನೆಯ ಪತ್ರವನ್ನು ದಯವಿಟ್ಟು ಕಳೆದುಕೊಳ್ಳಬೇಕು. ತಮ್ಮ ದೇಶದ ಅಂಚೆ ಏನನ್ನೂ ಕಳೆಯುವುದಿಲ್ಲವಾದರೆ ತಾವೇ ಸ್ವತಃ ಆ ಶ್ರಮ ವಹಿಸಬೇಕು. ಆಗದಿದ್ದರೆ ನಲವತ್ತೊಂದು ಸಲ ಕಾಯುವ ಕಡೆ ನಾಲ್ಕು ಸಾವಿರ ಸಲ ಕಾಯುವಂತೆ ಮಾಡಿ, ನನ್ನ ಹೆಸರನ್ನು ಯಾರೂ ಓದದಂತೆ ನೋಡಿಕೊಳ್ಳಬೇಕು. ಅದೂ ಸಾಧ್ಯವಿಲ್ಲವೆಂದಾದರೆ, ನನ್ನಂಥವನು ‘ನಾನು’ ಎಂದು ಟೈಪು ಮಾಡಿದಾಗ ‘ನನಗೆ ಆ ಶಬ್ದ ಗೊತ್ತಿಲ್ಲ’ ಎಂದು ಹೇಳುವ ಒಂದು ಯಂತ್ರವನ್ನು ತಾವು ನಿರ್ಮಿಸಬೇಕು, ಮತ್ತು ಅದರ ಮೊದಲ ಪ್ರತಿಯನ್ನು ಯರಗುಪ್ಪಿಗೆ ಕಳಿಸಬೇಕು.

ಈ ವಾರಪತ್ರಿಕೆ ಬಾಬಾಸಾಬನ ಚಹಾದಂಗಡಿಗೂ ಬರುತ್ತದೆ. ಅವನು ಇದನ್ನು ಜಾಹೀರಾತು ಸಹಿತ ಗಟ್ಟಿಯಾಗಿ ಓದುತ್ತಾನೆ. ಮಲಕಪ್ಪ ಅಲ್ಲಿಯೇ ಚಹಾ ಕುಡಿಯುತ್ತಾನೆ. ಅವನು ಇದನ್ನು ಇನ್ನೊಬ್ಬರ ಬಾಯಿಂದ ಕೇಳುವ ಮೊದಲು ನಾನೇ ಹೋಗಿ ಹೇಳಬೇಕೆಂದು, ಪತ್ರವನ್ನು ಇಲ್ಲಿಗೆ ನಿಲ್ಲಿಸಿ, ಚಪ್ಪಲಿ ಹುಡುಕುತ್ತಿದ್ದೇನೆ.

ತಾವು ನಂಬಿದ್ದಕ್ಕಾಗಿ ನಾಚಿರುವ
ತಮ್ಮ ವಿಶ್ವಾಸಿ,
ಮಡಿವಾಳೆಪ್ಪ, ಇಂಗ್ಲಿಷ್ ಶಿಕ್ಷಕ

ತಾ.ಕ.: ಹೋಗಿ ಬಂದೆ. ಮಲಕಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಕೈ ನಿಲ್ಲಿಸದೆ ಎಲ್ಲವನ್ನೂ ಕೇಳಿದ. “ಅವರಜ್ಜ ಕಡೀಕ ಮ್ಯಾಲ ಬಂದ್ರೇನ್ರಿ?” ಎಂಬುದು ಅವನ ಮೊದಲ ಪ್ರಶ್ನೆ. ತಮ್ಮ ಪತ್ರದಲ್ಲಿ ಅದಿಲ್ಲವೆಂದೆ. ಕ್ಷಮೆ ಕೇಳಿ, ನಾಳೆಯೇ ತಂತಿ ಕೊಟ್ಟು ಆ ಕೋಣೆಯಲ್ಲಿ ನಿನ್ನ ಹೆಸರನ್ನೇ ಹಾಕಿಸುತ್ತೇನೆ ಎಂದದ್ದೇ ತಡ, ಹಗ್ಗ ಬಿಟ್ಟು ಎದ್ದು ನಿಂತ. “ಬ್ಯಾಡ್ರಿ ಸರ, ಕೈ ಮುಗೀತೀನಿ. ಊರಾಗ ಶಿದ್ಲಿಂಗಪ್ಪನ ಹಗೇವು ಐತಿ, ಅಲ್ಲಾಭಕ್ಷನ ಹಗೇವು ಐತಿ. ಆ ಹೆಸರ ಯಾಕ ಬಿದ್ವು ಹೇಳ್ರಿ? ಇಳದವ್ರು ತಿರುಗಿ ಬರಲಿಲ್ಲ, ಅದಕ್ಕ. ಇಪ್ಪತ್ತೆಂಟ ವರ್ಷ ಆತು ನಾ ಇಳಿಯಾಕತ್ತು, ಒಂದ ಹಗೇವಿಗೂ ನನ್ನ ಹೆಸರ ಬಿದ್ದಿಲ್ಲ. ಅದ ನನ್ನ ಹೆಚ್ಚಗಾರಿಕಿ. ನಿಮ್ಮದ ಇರ್ಲಿ ಬಿಡ್ರಿ, ನಂದೇನ್ ಅಡ್ಡಿ ಇಲ್ಲ.” ಆದ್ದರಿಂದ ಮೇಲಿನ ವಿನಂತಿಗಳನ್ನೆಲ್ಲ ಹಿಂದಕ್ಕೆ ಪಡೆದಿದ್ದೇನೆ. ನನ್ನ ಹೆಸರನ್ನು ಸ್ಪಷ್ಟವಾಗಿಯೇ ಬರೆದಿದ್ದೇನೆ. ಹಾಕಿಬಿಡಿ.