ಬೀಗರು ಕಾಯಿಸಿದ ಬೀರು

ನಿಮ್ಮ ಮನೆಯಲ್ಲಿ ಬೀಗರು ಬೀರು ಕಾಯಿಸುತ್ತಾರೆಯೇ? ಇಲ್ಲವೇ? ಹಾಗಾದರೆ ಹೋದ ಜನ್ಮದಲ್ಲಿ ನೀವು ಒಳ್ಳೆಯ ಹೂವಿನಲ್ಲೇ ಪೂಜೆ ಮಾಡಿದ್ದೀರಿ! ನಾನು ಯಾವ ಬಾಡಿದ ಹೂವು ಏರಿಸಿದ್ದೆನೋ, ನನ್ನ ಮಗಳ ಮಾವನವರು ಅಮೆರಿಕದ ಮಾರಿಸ್‌ಟೌನಿನ ನಮ್ಮ ಅಡುಗೆಮನೆಯಲ್ಲೇ ಬೀರು ಕಾಯಿಸುತ್ತಾರೆ. ಕುಡಿಯುವವರಾಗಿದ್ದರೆ ಬುದ್ಧಿ ಹೇಳಬಹುದಿತ್ತು. ಒಂದು ತೊಟ್ಟೂ ಮುಟ್ಟುವುದಿಲ್ಲ! ಕುಡಿಯದವರಿಗೆ ಕುಡಿತ ಬಿಡಿಸುವುದು ಹೇಗೆ, ನೀವೇ ಹೇಳಿ?

ಬೀಗರು ಧಾರವಾಡದವರು. ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟರಾಗಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಮಗನ ಮನೆಗೆ ಬಂದರು. ನಾನು ಮೈಸೂರಿನಿಂದ ಮಗಳ ಮನೆಗೆ ಬಂದೆ. ಎರಡೂ ಒಂದೇ ಮನೆ! ಮಗಳೂ ಅಳಿಯನೂ ಕೆಲಸಕ್ಕೆ ಹೊರಟರೆ ಉಳಿಯುವವರು ನಾವಿಬ್ಬರೇ. ಮೊದಲ ಚಳಿಗಾಲವಿಡೀ ಅವರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಸ್ನೋ ಬೀಳುವುದನ್ನೇ ನೋಡಿದರು. "ಕಾಫಿ?" ಎಂದರೆ "ಹೂಂ." "ಊಟ?" ಎಂದರೆ "ಹೂಂ." ಗೋಡೆಯ ಜೊತೆ ಮಾತಾಡಿದ್ದರೆ ನನ್ನ ದನಿಯಾದರೂ ನನಗೆ ವಾಪಸು ಬರುತ್ತಿತ್ತು.

ಅಂಥವರು ಒಂದು ದಿನ ಪಕ್ಕದ ಮನೆಯ ಗರಾಜಿಗೆ ಹೋದರು. ಆ ಮನೆಯ ಅಮೆರಿಕನ್ ಮುದುಕರು ಶನಿವಾರ ಬಂದರೆ ಗೆಳೆಯರನ್ನೆಲ್ಲ ಸೇರಿಸಿ, ತಾವೇ ಮಾಡಿದ ಬೀರಿನ ರುಚಿ ತೋರಿಸುತ್ತಾರೆ. ನಮ್ಮ ಬೀಗರಿಗೆ ಬೀರು ಬೇಡ, ಅದರ ಕೆಮಿಸ್ಟ್ರಿ ಬೇಕು! ಮರುವಾರವೇ ನನ್ನ ಸೊಂಟದೆತ್ತರದ ಸ್ಟೀಲ್ ಡ್ರಮ್ಮೊಂದು ಬಾಗಿಲಿಗೆ ಬಂದಿಳಿಯಿತು. ಕರೆಂಟಿನ ಕೆಟಲ್ ಅಂತೆ. ಕೆಳಗೆ ನಲ್ಲಿ, ಪಕ್ಕದಲ್ಲಿ ಪಂಪು, ಒಳಗೆ ತೂತಿನ ಬುಟ್ಟಿ. ನಮ್ಮ ಕಾಫಿ ಫಿಲ್ಟರಿಗೆ ರಾಕ್ಷಸ ವಂಶದಲ್ಲಿ ಒಬ್ಬ ಅಣ್ಣ ಇದ್ದರೆ ಹೀಗೇ ಇರುತ್ತಿದ್ದ.

"ಬಾರ್ಲಿ ನೆನಸೋದು, ಸೋಸೋದು, ಕುದಸೋದು, ಎಲ್ಲಾ ಇದೊಂದರಾಗ ಆಗ್ತದ್ರೀ ಬೀಗ್ತಿಯವರ!"

"ತೊಳೆಯೋದು?"

"ಅದಕ್ಕ ನೀವಿದ್ದೀರಲ್ರೀ!"

ಹೇಗಿದೆ?

ಇದು ಕುದಿಯುವಾಗ ಯಾರಾದರೂ ಮೈಕ್ರೋವೇವ್ ಒತ್ತಿದರೆ ಬ್ರೇಕರ್ ಬಿದ್ದು ಅರ್ಧ ಮನೆ ಕತ್ತಲು. ಯಾರಾದರೂ ಎಂದರೆ ಯಾರು, ನಾನೇ! ಮಗಳು ಮನೆಯಿಂದಲೇ ಕೆಲಸ ಮಾಡುತ್ತಿದ್ದ ದಿನ ಮೀಟಿಂಗಿನ ನಡುವೆ ವೈಫೈ ಸತ್ತಿತು. ಮಾವ ಬೀರು ಕಾಯಿಸುತ್ತಿದ್ದಾರೆ ಎಂದು ಬಾಸಿಗೆ ಹೇಳಲಾಗುತ್ತದೆಯೇ? "ಮೈ ಫಾದರ್-ಇನ್-ಲಾ ಈಸ್ ಎ ಸೈಂಟಿಸ್ಟ್" ಎಂದಳು. ಬಾಸು ಅಭಿನಂದನೆ ಹೇಳಿದನಂತೆ!

ಆಮೇಲೆ ಉಳಿದ ಬಾರ್ಲಿ ಚರಟ. "ಚೆಲ್ಲಬ್ಯಾಡ್ರೀ, ರೊಟ್ಟಿ ಬಡೀರಿ" ಎಂದು ಅಪ್ಪಣೆಯಾಯಿತು. ಬಡಿದೆ. ಬಾಗಿಲ ಮುಂದಿನ ಕಾಲೊರೆಸುವ ಮ್ಯಾಟೇ ಅದಕ್ಕಿಂತ ಮೆತ್ತಗಿತ್ತು. ಹಿತ್ತಲಿಗೆ ಎಸೆದೆ. ನನ್ನ ಮೆಂತ್ಯದ ಪಾತಿಯನ್ನು ಬೇರುಸಮೇತ ತಿಂದು ಮುಗಿಸುವ ಜಿಂಕೆ ಬಂತು, ಮೂಸಿತು, ನನ್ನ ಮುಖವನ್ನೊಮ್ಮೆ ನೋಡಿ ಹೊರಟುಹೋಯಿತು.

ಹೋಗಲಿ, ಇಷ್ಟೆಲ್ಲ ಆಗಿ ಬೀರಾದರೂ ಸರಿಯಾಯಿತೇ? ಗರಾಜಿನ ಮುದುಕರು ಒಂದು ಗುಟುಕು ಕುಡಿದು, ಬಹಳ ಮರ್ಯಾದೆಯಿಂದ, "ಮುಸುಕಿನ ಜೋಳ ಹಾಕಿದ್ದೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರಂತೆ. ಹಾಕಿರಲಿಲ್ಲ. ಮತ್ತೆ ಕಾಯಿಸಿದರು. ಮತ್ತೆ ಅದೇ, ಬೇಯಿಸಿದ ಜೋಳದ ತೆನೆಯ ವಾಸನೆ! ಬಾಟಲಿಗಟ್ಟಲೆ ಬೀರು ಸಿಂಕಿನ ಪಾಲು. ಅಳಿಯ ಸಿಟ್ಟಾದ.

"ಅಪ್ಪಾ, ದಿಸ್ ಈಸ್ ದಿ ಲಾಸ್ಟ್ ಚಾನ್ಸ್. ಮುಂದಿನದೂ ಕೆಟ್ರ ಕೆಟಲ್ ಮಾರಿಬಿಡ್ತೀನಿ ನೋಡು."

ನಾನು ಕುಣಿದಾಡಬೇಕಿತ್ತು. ನನ್ನ ಅಡುಗೆಮನೆ ನನಗೆ ವಾಪಸು! ಆದರೆ ಕಿಟಕಿ ಪಕ್ಕದ ಆ ಖಾಲಿ ಕುರ್ಚಿ ಕಣ್ಣಿಗೆ ಬಿತ್ತು. ಮತ್ತೆ "ಹೂಂ", ಮತ್ತೆ "ಹೂಂ"! ನನ್ನಿಂದಾಗದಪ್ಪ.

ಕಡೆಗೆ ಗರಾಜಿನ ಮುದುಕರೇ ಕಾರಣ ಹುಡುಕಿಕೊಟ್ಟರು. ಕುದಿಯುವಾಗ ಮುಚ್ಚಳ ತೆಗೆದಿಡಬೇಕಂತೆ. ಆ ವಾಸನೆ ಆವಿಯ ಜೊತೆ ಹೊರಗೆ ಹೋಗಬೇಕು, ಮುಚ್ಚಿದರೆ ಬೀರಿನಲ್ಲೇ ಉಳಿಯುತ್ತದೆ. ಕೆಮಿಸ್ಟ್ರಿ ಮೇಷ್ಟರಿಗೆ ಇಷ್ಟು ಅರ್ಥವಾಗುವುದಿಲ್ಲವೇ? ತಲೆಯಾಡಿಸಿಕೊಂಡು ಮನೆಗೆ ಬಂದರು. ಕಡೆಯ ಅವಕಾಶದ ಬೀರು ಕುದಿ ಹಿಡಿಯಿತು. ಬೀಗರು ಮುಚ್ಚಳ ತಂದು ಮುಚ್ಚಿದರು!

ನಾನು ತೆಗೆದೆ. ಅವರು ಮುಚ್ಚಿದರು. ನಾನು ಕುಕ್ಕರ್ ನೋಡಿ ಈ ಕಡೆ ತಿರುಗುವಷ್ಟರಲ್ಲಿ ಮತ್ತೆ ಮುಚ್ಚಿತ್ತು.

"ಬೀಗರೇ, ಇದೂ ಹಾಳಾದ್ರೆ ಕೆಟಲ್ ಹೋಗುತ್ತೆ! ಗೊತ್ತಿದ್ದೂ ಗೊತ್ತಿದ್ದೂ ಯಾಕ್ರೀ ಮುಚ್ತೀರ?"

"ನಾ ಎಲ್ಲಿ ಮುಚ್ಚತೇನ್ರೀ? ಕೈ ತಾನ ಮುಚ್ಚತದ." ಮುಚ್ಚಳದ ಹಿಡಿಯನ್ನು ಮಾತ್ರ ಬಿಡಲಿಲ್ಲ. "ನಾ ಚಹಾಕ್ಕ ಇಟ್ರ ಸಾಕು, ನಮ್ಮಾಕಿ ಪಡಸಾಲಿಯಿಂದನ ಒದರ್ತಿದ್ಲು. ಮುಚ್ಚಳ ಹಾಕ್ರೀ, ಮುಚ್ಚಳ ಹಾಕ್ರೀ ಅಂತ. ತೆರದಿಟ್ರ ಮುಗೀತು, ದಿನಾ ಪೂರ್ತಿ ಬೈಗಳಾ."

ಕೆಟಲ್ ಒಳಗೇ ಗೊಳಗೊಳ ಎನ್ನುತ್ತಿತ್ತು. ಸುಮ್ಮನಿರಬಹುದಿತ್ತು. ಆದರೆ ನನ್ನ ಬಾಯಿ ಯಾವತ್ತು ಸುಮ್ಮನಿದ್ದದ್ದು?

"ಈಗ್ಲೂ ತೆರೆದಿಟ್ರೆ ಬೈತಾರೆ ಅಂತ ಭಯಾನಾ ನಿಮಗೆ?" ಎಂದುಬಿಟ್ಟೆ.

ಬೀಗರು ನನ್ನನ್ನು ನೋಡಿದರು. ಮೆಲ್ಲಗೆ ಮುಚ್ಚಳ ತೆಗೆದು ಕಟ್ಟೆಯ ಮೇಲಿಟ್ಟರು. ಆವಿಗೆ ಕನ್ನಡಕವೆಲ್ಲ ಮಂಜಾದರೂ ಅಲ್ಲಿಂದ ಸರಿಯಲಿಲ್ಲ.

"ಬೈಲಿ ಬಿಡ್ರೀ ಬೀಗ್ತಿಯವರ," ಎಂದರು. "ಅಕಿ ಕಡೆ ಬೈಸ್ಕೊಂಡು ಭಾಳ ದಿನಾ ಆತು."