ಮೊಣಕಾಲಿಗೆ ಗುಳಿಗೆ, ಕೈಯಲ್ಲಿ ನಡುಕ

ಬ್ಯಾಡಗಿಯಲ್ಲಿ ದವಾಖಾನೆ ತೆರೆದ ಮೇಲೆ ನನಗೆ ಒಂದು ಗೊತ್ತಾಯಿತು: ನಮ್ಮ ಕಡೆ ನೋವಿನ ಗುಳಿಗೆ ಎಲೆ-ಅಡಿಕೆ ಇದ್ದಂತೆ. ಮನೆಗೆ ಬಂದವರಿಗೆಲ್ಲ ಒಂದು ಕೊಟ್ಟೇ ಕಳಿಸುತ್ತಾರೆ. ಆಮೇಲೆ ಅವರು ನನ್ನ ಹತ್ತಿರ ಬರುತ್ತಾರೆ.

ಔಷಧ ಅಲ್ಲದ್ದು

ಮೋಟೆಬೆನ್ನೂರಿನ ಅಜ್ಜಿಯೊಬ್ಬಳು ಕೀಲುಬಾವಿಗೆ ವಾರಕ್ಕೊಮ್ಮೆ ಒಂದು ಗುಳಿಗೆ ನುಂಗುತ್ತಿದ್ದಳು. ಒಂದು ದಿನ ಬಾಯಿತುಂಬ ಹುಣ್ಣು ಮಾಡಿಕೊಂಡು ಬಂದಳು.

"ಬ್ಯಾರೆ ಏನರ ಔಷಧ ತಗೋತೀಯೇನ ಯಮ್ಮಾ?"

"ಇಲ್ಲೋ ಯಪ್ಪಾ."

ಸೆರಗಿನ ಗಂಟು ಬಿಚ್ಚಿಸಿದರೆ ಕೆಂಪು, ಹಳದಿ ಗುಳಿಗೆಗಳು ಉದುರಿದವು.

"ಇವು?"

"ಇವು ಔಷಧ ಅಲ್ಲಪಾ, ಮೈಕೈ ನೋವಿಗೆ."

"ಕಿಡ್ನಿ ಆ ವಾರದ ಔಷಧಾನ ಹೊರಗ ಹಾಕಬೇಕು. ಇವು ಅದಕ್ಕ ಅಡ್ಡ ಬರ್ತಾವ. ಔಷಧ ಒಳಗ ಉಳದು ವಿಷ ಆಕ್ಕೈತಿ," ಎಂದು ಬಿಡಿಸಿ ಹೇಳಿದೆ.

ಅಜ್ಜಿ ಯೋಚಿಸಿದಳು. "ಒಳಗ ಉಳದ್ರ ಚಲೋನ ಆತಲ್ಲ. ಮುಂದಿನ ವಾರದ ಗುಳಿಗಿ ಉಳೀತು!"

ಬೋರ್ಡು

ಬೇಸತ್ತು, 'ಕೇಳದೆ ನೋವಿನ ಗುಳಿಗೆ ನುಂಗಬೇಡಿ' ಎಂದು ಶುರುವಾಗುವ ದೊಡ್ಡ ಬೋರ್ಡು ಬರೆಸಿದೆ. ಒಬ್ಬರು ಅದರ ಮುಂದೆ ನಿಂತು ಅಕ್ಷರ ಅಕ್ಷರ ಓದಿದರು. ನನಗೆ ಹಿಗ್ಗು. ಓದಿ ಮುಗಿಸಿ ಒಳಗೆ ಬಂದರು: "ಸಾಹೇಬ್ರ, ಓದಿ ಓದಿ ತಲಿ ಸಿಡ್ಯಾಕತ್ತೈತಿ. ಒಂದು ಗುಳಿಗಿ ಕೊಡ್ರಿ."

ಮಾಸ್ತರರ ತೂರಾಟ

ರಾಣೆಬೆನ್ನೂರಿನ ನಿವೃತ್ತ ಮಾಸ್ತರರೊಬ್ಬರು ಊರೂರು ತಿರುಗಿ ಕುಡಿತ ಬಿಡಿಸುವ ಭಾಷಣ ಮಾಡುತ್ತಿದ್ದರು. ಮನಸ್ಸಿನ ಕಾಯಿಲೆಗೆ ವರ್ಷಗಳಿಂದ ಒಂದು ಔಷಧ ತೆಗೆದುಕೊಂಡು ಚೆನ್ನಾಗಿಯೇ ಇದ್ದರು. ಒಂದು ದಿನ ವೇದಿಕೆಯ ಮೇಲೆ ಕೈ ನಡುಗಿತು, ನಾಲಿಗೆ ತೊದಲಿತು, ಇಳಿಯುವಾಗ ತೂರಾಡಿದರು.

"ಕುಡದಾನ!" ಎಂದು ತೀರ್ಪು ಕೊಟ್ಟವನು ಅವರ ಭಾವಮೈದುನ. ಎಸ್‌ಟಿಡಿ ಬೂತಿನಿಂದ ಬೀಗರಿಗೆಲ್ಲ ಫೋನ್ ಮಾಡಿದ. ಅವನ ದನಿಗೆ ಫೋನೇ ಬೇಕಿರಲಿಲ್ಲ, ಇಡೀ ಓಣಿಗೆ ಕೇಳಿಸಿತು. ಮಾಸ್ತರರ ಹೆಂಡತಿ ಮಾತ್ರ ಅಳುತ್ತ ಅವರನ್ನು ನನ್ನ ಹತ್ತಿರ ಕರೆತಂದಳು. "ಇವ್ರು ಸೆರೆ ಅಂಗಡಿ ಮುಂದ ಹಾದ್ರೂ ಮೂಗು ಮುಚ್ಕೋತಾರ್ರಿ."

ಕೇಳಿದಾಗ ಗೊತ್ತಾಯಿತು: ಮೊಣಕಾಲು ನೋವಿಗೆಂದು ಭಾವಮೈದುನ ತಾನು ನುಂಗುವ ಗುಳಿಗೆಯನ್ನೇ ದಿನಾ ಕೊಟ್ಟಿದ್ದ. ಅದು ಅಡ್ಡ ಬಂದು, ಮನಸ್ಸಿನ ಕಾಯಿಲೆಯ ಔಷಧ ಹೊರಹೋಗದೆ ರಕ್ತದಲ್ಲಿ ಏರಿಬಿಟ್ಟಿತ್ತು. ಇನ್ನೂ ತಡಮಾಡಿದ್ದರೆ ಜೀವಕ್ಕೇ ಕುತ್ತು. ಕೂಡಲೆ ಹಾವೇರಿಯ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಗುಣವಾಗಿ ಬಂದರು.

ಭಾವಮೈದುನ ಮುಖ ಸಣ್ಣ ಮಾಡಿಕೊಂಡು ಬಂದ. "ಖರೇನ ಕುಡದಿರಲಿಲ್ಲೇನ್ರಿ?"

"ಒಂದು ಹನಿ ಇಲ್ಲ. ಎಲ್ಲಾ ನಿಮ್ಮ ಗುಳಿಗಿ ಮಹಿಮೆ."

ಬಾಗಿಲ ಕಡೆ ನೋಡಿ, ಮೆಲ್ಲಗೆ ಕೈ ಮುಗಿದ: "ಡಾಕ್ಟ್ರ, ಊರಿಗೆಲ್ಲ ಹೇಳಿಬಿಟ್ಟೇನಿ. ಈಗ ನೀವ ಒಂದೀಟು ಕುಡೀರಿ ಅಂತ ಅವ್ರಿಗೆ ಬರದುಕೊಡ್ರಿ. ನನ್ನ ಮರ್ಯಾದಿ ಉಳೀಲಿ!"